ಹಳ್ಳಿಯ ಬಸ್ಸು: ಅದರ ವೆಚ್ಚವನ್ನು ಹೊರಬೇಕಾದವರು ಯಾರು?

ದೇಹಕ್ಕೆ ರಕ್ತನಾಳಗಳು ಹೇಗೋ ದೇಶಕ್ಕೆ ರಸ್ತೆಗಳು ಹಾಗೆ ಎಂಬ ಮಾತನ್ನು ನಾವೆಲ್ಲರೂ ಪ್ರೌಢಶಾಲೆಯ ಪ್ರಬಂಧಗಳಲ್ಲಿ ಬರೆದವರೇ. ಆದರೆ ಆ ಹೋಲಿಕೆಯನ್ನು ಅರ್ಧಕ್ಕೇ ನಿಲ್ಲಿಸಿಬಿಡುವುದು ನಮ್ಮ ರೂಢಿಯಾಗಿದೆ. ನಾಳವಿದ್ದ ಮಾತ್ರಕ್ಕೆ ದೇಹಕ್ಕೆ ಚೈತನ್ಯ ಬಾರದು. ಅದರಲ್ಲಿ ರಕ್ತ ಹರಿಯಬೇಕು. ೨೦೦೦ದ ಡಿಸೆಂಬರ್ ೨೫ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು, ಬಯಲು ಸೀಮೆಯಲ್ಲಿ ೫೦೦ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯುಳ್ಳ ಹಾಗೂ ಗುಡ್ಡಗಾಡಿನಲ್ಲಿ ೨೫೦ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯುಳ್ಳ ಜನವಸತಿಗಳಿಗೆ ಸರ್ವಋತು ರಸ್ತೆಯನ್ನು ಒದಗಿಸಬೇಕೆಂದು ಗುರಿಯಿಟ್ಟುಕೊಂಡಿತು. ಅದರಿಂದ ಎಷ್ಟೋ ಹಳ್ಳಿಗಳಿಗೆ ಡಾಮರಿನ ರಸ್ತೆ ಬಂದಿತು. ಆದರೆ ರಸ್ತೆ ಬಂದ ಊರಿಗೆಲ್ಲ ಬಸ್ಸು ಬಂದಿತೇ? ಬಂದ ಬಸ್ಸು ಜನರಿಗೆ ಬೇಕಾದ ಹೊತ್ತಿಗೆ ಬರುತ್ತಿದೆಯೇ? ಈ ಪ್ರಶ್ನೆಗಳಿಗೆ ಸಮಾಧಾನಕರವಾದ ಉತ್ತರ ದೊರೆಯುವುದಿಲ್ಲ.

ಇದು ನಮಗೆ ದೂರದ ವಿಷಯವಲ್ಲ. ನಮ್ಮಂತಹ ಸರ್ಕಾರಿ ಕಾಲೇಜುಗಳಲ್ಲಿ ಓದುವವರಲ್ಲಿ ಬಹುಮಂದಿ ಸುತ್ತಲಿನ ಹಳ್ಳಿಗಳಿಂದ ದಿನವೂ ಬಂದು ಹೋಗುವವರು. ಅವರ ಹಾಜರಿ ಪುಸ್ತಕದಲ್ಲಿ ಕಾಣುವ ಗೈರುಹಾಜರಿಗೆ ಸೋಮಾರಿತನಕ್ಕಿಂತ ಬಸ್ಸೇ ಹೆಚ್ಚಿನ ಕಾರಣವೆಂಬುದನ್ನು ಅಧ್ಯಾಪಕರು ಬಲ್ಲರು. ಸಂಜೆಯ ಕೊನೆಯ ಬಸ್ಸು ನಾಲ್ಕು ಗಂಟೆಗೇ ಹೊರಟುಹೋಗುವ ಊರಿನ ವಿದ್ಯಾರ್ಥಿಗೆ ಗ್ರಂಥಾಲಯವೂ ಇಲ್ಲ, ಆಟದ ಬಯಲೂ ಇಲ್ಲ, ಚರ್ಚಾಕೂಟವೂ ಇಲ್ಲ. ಹುಡುಗನಾದರೆ ಯಾರದಾದರೂ ಬೈಕಿನ ಹಿಂದೆ ಕುಳಿತು ಹೇಗೋ ಊರು ಸೇರುತ್ತಾನೆ. ಹುಡುಗಿಯಾದರೆ, ಕತ್ತಲಾದ ಮೇಲೆ ಮನೆಗೆ ಬರುವ ಓದು ನಮಗೆ ಬೇಡವೆಂದು ಮನೆಯವರು ಹೇಳುವ ದಿನ ಬಹಳ ದೂರವಿರುವುದಿಲ್ಲ. ಹೀಗೆ ಒಂದು ಬಸ್ಸಿನ ವೇಳಾಪಟ್ಟಿಯು ಒಬ್ಬಳ ವಿದ್ಯಾಭ್ಯಾಸವನ್ನೇ ನಿರ್ಧರಿಸಿಬಿಡಬಲ್ಲದು. ವಿದ್ಯಾರ್ಥಿಗಳ ಮಾತು ಹಾಗಿರಲಿ; ತಾಲ್ಲೂಕು ಆಸ್ಪತ್ರೆಗೆ ಹೋಗಬೇಕಾದ ಬಾಣಂತಿ, ಪಿಂಚಣಿಗಾಗಿ ಬ್ಯಾಂಕಿಗೆ ಹೋಗಬೇಕಾದ ಮುದುಕ, ಸಂತೆಗೆ ಸೊಪ್ಪು ತರಕಾರಿ ಒಯ್ಯಬೇಕಾದ ರೈತ ಮಹಿಳೆ, ಇವರೆಲ್ಲರ ಬದುಕೂ ಆ ಕೆಂಪು ಬಸ್ಸಿನ ಗಾಲಿಗೆ ಕಟ್ಟಿಕೊಂಡಿದೆ.

ಹಳ್ಳಿಗೆ ಒಳ್ಳೆಯ ಬಸ್ಸು ಬೇಕೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅದರ ವೆಚ್ಚ ಯಾರದು ಎಂದು ಕೇಳಿದೊಡನೆ ಮಾತ್ರ ಎಲ್ಲರೂ ಮೌನ ತಾಳುತ್ತಾರೆ. ಸುಧಾರಣೆಯ ಪ್ರಶ್ನೆಯೂ ಹಣದ ಪ್ರಶ್ನೆಯೂ ಒಂದೇ ನಾಣ್ಯದ ಎರಡು ಮುಖಗಳಾದುದರಿಂದ ಅವೆರಡನ್ನೂ ಜೊತೆಯಾಗಿಯೇ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮೊದಲು ಸ್ವಲ್ಪ ಇತಿಹಾಸ. ನಮ್ಮ ನಾಡಿನಲ್ಲಿ ಬಸ್ಸಿನ ಉದ್ಯಮ ಖಾಸಗಿಯವರಿಂದಲೇ ಆರಂಭವಾಯಿತು. ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿಯು ೧೯೧೪ರಲ್ಲಿಯೇ ಹುಟ್ಟಿಕೊಂಡಿತು. ಸ್ವಾತಂತ್ರ್ಯಾನಂತರ ೧೯೪೮ರ ಸೆಪ್ಟೆಂಬರ್ ೧೨ರಂದು ಮೈಸೂರು ಸರ್ಕಾರದ ರಸ್ತೆಸಾರಿಗೆ ಇಲಾಖೆಯು ೧೨೦ ಬಸ್ಸುಗಳೊಡನೆ ಕೆಲಸಕ್ಕೆ ತೊಡಗಿತು. ಈ ಇಲಾಖೆಯೇ ೧೯೬೧ರ ಆಗಸ್ಟ್ ೧ರಿಂದ ಮೈಸೂರು ರಾಜ್ಯ ರಸ್ತೆಸಾರಿಗೆ ನಿಗಮವಾಯಿತು. ೧೯೭೩ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾದ ಮೇಲೆ ನಿಗಮದ ಹೆಸರೂ ಬದಲಾಯಿತು. ಮುಂದೆ ೧೯೯೭ರಲ್ಲಿ ಬೆಂಗಳೂರು ಮಹಾನಗರಕ್ಕೂ, ಹುಬ್ಬಳ್ಳಿಯನ್ನು ಕೇಂದ್ರವಾಗುಳ್ಳ ವಾಯವ್ಯ ಭಾಗಕ್ಕೂ ಬೇರೆ ಬೇರೆ ನಿಗಮಗಳಾದವು. ೨೦೦೦ದಲ್ಲಿ ಕಲಬುರಗಿಯನ್ನು ಕೇಂದ್ರವಾಗುಳ್ಳ ಈಶಾನ್ಯ ನಿಗಮ ಹುಟ್ಟಿತು. ಇದನ್ನು ಈಗ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂದು ಕರೆಯಲಾಗುತ್ತಿದೆ.

ಈ ನಿಗಮಗಳೆಲ್ಲವೂ ೧೯೫೦ರ ರಸ್ತೆಸಾರಿಗೆ ನಿಗಮಗಳ ಕಾಯಿದೆಗೆ ಒಳಪಟ್ಟವು. ಆ ಕಾಯಿದೆಯ ಎರಡು ವಿಧಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಿದರೆ ನಮ್ಮ ಸಮಸ್ಯೆಯ ಮೂಲ ಗೋಚರವಾಗುತ್ತದೆ. ೧೮ನೆಯ ವಿಧಿಯು ದಕ್ಷವೂ ಸಮರ್ಪಕವೂ ಮಿತವ್ಯಯದ್ದೂ ಸುಸಂಬದ್ಧವೂ ಆದ ಸಾರಿಗೆ ವ್ಯವಸ್ಥೆಯನ್ನು ಒದಗಿಸುವುದು ನಿಗಮದ ಕರ್ತವ್ಯವೆಂದು ಹೇಳುತ್ತದೆ. ೨೨ನೆಯ ವಿಧಿಯು ನಿಗಮವು ತನ್ನ ಕಾರ್ಯವನ್ನು ವ್ಯಾಪಾರದ ತತ್ತ್ವಗಳಿಗೆ ಅನುಸಾರವಾಗಿ ನಡೆಸಬೇಕೆಂದು ವಿಧಿಸುತ್ತದೆ. ಸಮರ್ಪಕವಾದ ಸೇವೆ ಎಂದರೆ ಜನ ಕಡಮೆ ಇರುವ ಕಾಡಂಚಿನ ಊರಿಗೂ ಬಸ್ಸನ್ನು ಓಡಿಸಬೇಕು. ವ್ಯಾಪಾರದ ತತ್ತ್ವವೆಂದರೆ ಆದಾಯವಿಲ್ಲದಲ್ಲಿಗೆ ಓಡಿಸಕೂಡದು. ಒಂದೇ ಎತ್ತನ್ನು ಏಕಕಾಲದಲ್ಲಿ ಎರಡು ದಿಕ್ಕಿಗೆ ಎಳೆದಂತೆ ಇದು.

ಹಾಗಾದರೆ ಇಷ್ಟು ವರ್ಷ ಈ ಎತ್ತು ಹೇಗೆ ನಡೆಯಿತು? ಒಂದು ಮಾರ್ಗದ ಲಾಭದಿಂದ ಇನ್ನೊಂದು ಮಾರ್ಗದ ನಷ್ಟವನ್ನು ತುಂಬುವ ಉಪಾಯದಿಂದ ನಡೆಯಿತು. ದೊಡ್ಡ ಪಟ್ಟಣಗಳ ನಡುವೆ ಓಡುವ ಬಸ್ಸು ಗಳಿಸಿದ್ದನ್ನು ಹಳ್ಳಿಯ ಬಸ್ಸು ಉಣ್ಣುತ್ತಿತ್ತು. ಒಟ್ಟುಕುಟುಂಬದಲ್ಲಿ ಗಳಿಸುವ ಅಣ್ಣನು ಗಳಿಸದ ತಮ್ಮನನ್ನು ಸಾಕುವ ರೀತಿಯ ಏರ್ಪಾಡು ಇದು. ಒಟ್ಟುಕುಟುಂಬದ ಗುಣದೋಷಗಳೆರಡೂ ಇದರಲ್ಲಿವೆ. ತಮ್ಮನಿಗೆ ಅನ್ನ ಸಿಕ್ಕಿತು ನಿಜ. ಆದರೆ ಆ ಅನ್ನಕ್ಕೆ ಎಷ್ಟು ಖರ್ಚಾಯಿತೆಂದು ಯಾರೂ ಬರೆದಿಡಲಿಲ್ಲ. ಅಣ್ಣನ ಸಂಪಾದನೆ ಇಳಿದ ದಿನ ಮೊದಲು ಕಡಿತವಾದದ್ದು ತಮ್ಮನ ತಟ್ಟೆಯೇ. ಲಾಭದ ಮಾರ್ಗಗಳಲ್ಲಿ ಖಾಸಗಿ ಬಸ್ಸುಗಳ ಸ್ಪರ್ಧೆ ಹೆಚ್ಚಿತು. ನಿಗಮವು ನಾಲ್ಕಾಗಿ ಬೇರೆಯಾದ ಮೇಲೆ ಒಂದರ ಲಾಭ ಇನ್ನೊಂದರ ನಷ್ಟವನ್ನು ತುಂಬುವ ದಾರಿಯೂ ಕಿರಿದಾಯಿತು. ೨೦೨೦ರ ಮಾರ್ಚ್‌ನಲ್ಲಿ ಕೋವಿಡ್ ನಿಮಿತ್ತವಾಗಿ ಬಸ್ಸುಗಳೆಲ್ಲ ನಿಂತವಷ್ಟೆ. ಅವು ಮತ್ತೆ ಹೊರಟಾಗ ಎಷ್ಟೋ ಹಳ್ಳಿಗಳ ಟ್ರಿಪ್ಪುಗಳು ಹೊರಡಲೇ ಇಲ್ಲ.

ಹಳ್ಳಿಯ ಮಾರ್ಗ ಏಕೆ ನಷ್ಟಕ್ಕೆ ಬೀಳುತ್ತದೆ ಎಂಬುದನ್ನು ಅರಿಯಲು ಒಂದು ಲೆಕ್ಕವನ್ನು ಮಾಡಿ ನೋಡೋಣ. ಇಲ್ಲಿಯ ಅಂಕಿಗಳು ಯಾವುದೇ ಡಿಪೋದವಲ್ಲ; ವಿಷಯ ತಿಳಿಯಲೆಂದು ಇಟ್ಟುಕೊಂಡವು. ತಾಲ್ಲೂಕು ಕೇಂದ್ರದಿಂದ ೨೫ ಕಿಲೋಮೀಟರು ದೂರದ ಹಳ್ಳಿಗೆ ದಿನಕ್ಕೆ ನಾಲ್ಕು ಸುತ್ತು, ಎಂದರೆ ಎಂಟು ಸಲ, ಬಸ್ಸು ಓಡಿದರೆ ೨೦೦ ಕಿಲೋಮೀಟರಾಯಿತು. ಕಿಲೋಮೀಟರಿಗೆ ೫೦ ರೂಪಾಯಿ ವೆಚ್ಚವೆಂದು ಹಿಡಿದರೆ ದಿನಕ್ಕೆ ೧೦,೦೦೦ ರೂಪಾಯಿ. ಬೆಳಗ್ಗೆ ಪೇಟೆಗೆ ಬರುವಾಗ ೬೦ ಜನ, ಸಂಜೆ ಹಿಂದಿರುಗುವಾಗ ೬೦ ಜನ, ಉಳಿದ ಆರು ಸಲ ತಲಾ ೧೫ ಜನ. ಒಟ್ಟು ೨೧೦ ಜನ. ತಲೆಗೆ ೩೦ ರೂಪಾಯಿ ದರದಲ್ಲಿ ಆದಾಯ ೬,೩೦೦ ರೂಪಾಯಿ. ಕೊರತೆ ೩,೭೦೦ ರೂಪಾಯಿ.

ಈ ಕೊರತೆಯನ್ನು ನೀಗಲು ಸಾಮಾನ್ಯವಾಗಿ ಎರಡು ಮದ್ದುಗಳನ್ನು ಹೇಳುವುದುಂಟು. ದರ ಏರಿಸುವುದು ಮೊದಲನೆಯದು. ದರವನ್ನು ೪೦ ರೂಪಾಯಿಗೆ ಏರಿಸಿದಾಗ ಬೆಳಗ್ಗೆ, ಸಂಜೆ ೫೦ರಂತೆಯೂ ಉಳಿದ ಹೊತ್ತಿನಲ್ಲಿ ೧೦ರಂತೆಯೂ ಜನ ಉಳಿದರೆನ್ನೋಣ. ಒಟ್ಟು ೧೬೦ ಜನರಿಂದ ೬,೪೦೦ ರೂಪಾಯಿ ಬಂದಿತು. ಹೆಚ್ಚಿದ್ದು ನೂರು ರೂಪಾಯಿ. ಬಸ್ಸನ್ನು ಬಿಟ್ಟವರು ಐವತ್ತು ಜನ. ಅವರು ಬಡವರಲ್ಲಿ ಬಡವರಾಗಿರುವ ಸಂಭವವೇ ಹೆಚ್ಚು.

ಎರಡನೆಯ ಮದ್ದು ಜನವಿಲ್ಲದ ಮಧ್ಯಾಹ್ನದ ಎರಡು ಸುತ್ತುಗಳನ್ನು ನಿಲ್ಲಿಸುವುದು. ಮೇಲುನೋಟಕ್ಕೆ ಇದು ಅತ್ಯಂತ ನ್ಯಾಯವಾದ ಮಾತು. ಆದರೆ ವೆಚ್ಚದ ೫೦ ರೂಪಾಯಿಯಲ್ಲಿ ಡೀಸೆಲ್, ಟೈರು ಮುಂತಾದ ಓಟದ ಖರ್ಚು ೨೦ ರೂಪಾಯಿ ಮಾತ್ರವೆಂದೂ, ಉಳಿದುದು ಸಿಬ್ಬಂದಿಯ ಸಂಬಳ, ಬಸ್ಸಿನ ಸವಕಳಿ, ಡಿಪೋದ ಖರ್ಚು ಎಂದೂ ಹಿಡಿಯೋಣ. ಬಸ್ಸು ಮರದ ನೆರಳಿನಲ್ಲಿ ನಿಂತರೂ ಈ ಖರ್ಚು ನಿಲ್ಲುವುದಿಲ್ಲ. ಎರಡು ಸುತ್ತು, ಎಂದರೆ ನೂರು ಕಿಲೋಮೀಟರು ನಿಲ್ಲಿಸಿದ್ದರಿಂದ ಉಳಿದದ್ದು ೨,೦೦೦ ರೂಪಾಯಿ; ಕಳೆದುಕೊಂಡದ್ದು ೬೦ ಜನರ ದರ ೧,೮೦೦ ರೂಪಾಯಿ. ನಿವ್ವಳ ಉಳಿತಾಯ ೨೦೦ ರೂಪಾಯಿ. ಇಷ್ಟಕ್ಕೇ ಮುಗಿಯಲಿಲ್ಲ. ಬೆಳಗ್ಗೆ ಪೇಟೆಗೆ ಬಂದು ಮಧ್ಯಾಹ್ನ ಹಿಂದಿರುಗುತ್ತಿದ್ದ ಮನುಷ್ಯನು, ಹಿಂದಿರುಗಲು ಬಸ್ಸಿಲ್ಲವೆಂದ ಮೇಲೆ ಬೆಳಗಿನ ಬಸ್ಸನ್ನೂ ಹತ್ತುವುದಿಲ್ಲ. ಅಂತಹವರು ಏಳು ಜನ ಬಾರದೆಹೋದರೆ ೨೧೦ ರೂಪಾಯಿ ಹೋಯಿತು, ಉಳಿತಾಯವು ನಷ್ಟವಾಯಿತು. ಆಗ ಬೆಳಗಿನ ಟ್ರಿಪ್ಪಿನಲ್ಲೂ ಜನ ಕಡಮೆ ಎಂಬ ವರದಿ ಡಿಪೋಗೆ ಹೋಗುತ್ತದೆ. ಹೀಗೆ ಬೇರನ್ನು ಒಂದೊಂದಾಗಿ ಕತ್ತರಿಸಿ, ಮರ ಏಕೆ ಒಣಗುತ್ತಿದೆಯೆಂದು ಆಶ್ಚರ್ಯಪಡುತ್ತೇವೆ.

ಇದರಿಂದ ತಿಳಿಯುವುದೇನು? ಹಳ್ಳಿಯ ಬಸ್ಸಿನ ಕೊರತೆಯು ಬಹುಮಟ್ಟಿಗೆ ಯಾರೊಬ್ಬರ ಅದಕ್ಷತೆಯ ಫಲವಲ್ಲ. ಅದು ಆ ಸೇವೆಯ ಸ್ವಭಾವದಲ್ಲೇ ಇದೆ. ಬೆಳಗ್ಗೆ ಒಂದು ದಿಕ್ಕಿಗೆ, ಸಂಜೆ ಇನ್ನೊಂದು ದಿಕ್ಕಿಗೆ ಜನ ನುಗ್ಗುತ್ತಾರೆ. ಉಳಿದ ಹೊತ್ತು ಆಸನಗಳು ಖಾಲಿ. ಆಟೋ, ಟಂಟಂ, ಕ್ರೂಸರ್ ಮೊದಲಾದ ವಾಹನಗಳು ಜನ ತುಂಬುವ ಹೊತ್ತನ್ನು ನೋಡಿ ಓಡುತ್ತವೆ. ಜನವಿಲ್ಲದ ಹೊತ್ತಿನಲ್ಲಿ ಮನೆಯ ಮುಂದೆ ನಿಲ್ಲುತ್ತವೆ. ಅವರನ್ನು ತಪ್ಪೆನ್ನಲಾಗದು, ಅದು ಅವರ ಹೊಟ್ಟೆಪಾಡು. ಆದರೆ ಒಬ್ಬನೇ ಪ್ರಯಾಣಿಕನಿದ್ದರೂ ಹೊರಡಬೇಕಾದ ಕರ್ತವ್ಯ ಸಾರ್ವಜನಿಕ ಬಸ್ಸಿಗೆ ಮಾತ್ರ ಇದೆ.

ಈ ಮಾತಿಗೆ ನಮ್ಮ ಮಲೆನಾಡೇ ಒಂದು ಮರೆಯಲಾಗದ ನಿದರ್ಶನವನ್ನು ಒದಗಿಸಿದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಖಾಸಗಿ ಬಸ್ ಕಂಪೆನಿಯೊಂದು ಕಾರ್ಮಿಕ ವಿವಾದದಿಂದಾಗಿ ನಿಂತುಹೋದಾಗ, ಕೆಲಸ ಕಳೆದುಕೊಂಡ ಚಾಲಕರೂ ನಿರ್ವಾಹಕರೂ ಇತರ ಕಾರ್ಮಿಕರೂ ಕೂಡಿ ೧೯೯೧ರಲ್ಲಿ ಒಂದು ಸಹಕಾರ ಸಂಘವನ್ನು ಕಟ್ಟಿದರು. ಜನರು ಅದನ್ನು ‘ಸಹಕಾರ ಸಾರಿಗೆ’ ಎಂದು ಕರೆದರು. ಅಲ್ಲಿ ಕಾರ್ಮಿಕರೇ ಮಾಲೀಕರು. ಮಳೆಗಾಲದಲ್ಲಿ ಹೊರಜಗತ್ತಿನ ಸಂಪರ್ಕವೇ ಕಷ್ಟವಾಗುವ ಘಟ್ಟದ ಊರುಗಳಿಗೆ ಅವರ ಬಸ್ಸುಗಳು ಹೋಗಿಬರುತ್ತಿದ್ದವು. ವಿದ್ಯಾರ್ಥಿಗಳಿಗೆ ರಿಯಾಯಿತಿಯೂ ಇತ್ತು. ಸಂಘದ ಬಸ್ಸುಗಳ ಸಂಖ್ಯೆ ಒಂದು ಕಾಲಕ್ಕೆ ಎಪ್ಪತ್ತರ ಆಸುಪಾಸಿಗೆ ಏರಿತ್ತು. ಸಹಕಾರ ತತ್ತ್ವದ ವಿಜಯಕ್ಕೆ ಉದಾಹರಣೆ ಬೇಕಾದವರೆಲ್ಲರೂ ಕೊಪ್ಪದ ಕಡೆಗೆ ಬೆರಳು ತೋರುತ್ತಿದ್ದರು. ಆದರೆ ಡೀಸೆಲ್ಲಿನ ಬೆಲೆ, ತೆರಿಗೆ, ಬಿಡಿಭಾಗಗಳ ಖರ್ಚು ಇವು ಏರುತ್ತ, ಪ್ರಯಾಣಿಕರ ಸಂಖ್ಯೆ ಇಳಿಯುತ್ತ ಹೋಗಿ ೨೦೨೦ರ ಫೆಬ್ರವರಿಯಲ್ಲಿ ಆ ಬಸ್ಸುಗಳು ನಿಂತುಹೋದವು.

ಈ ಸಂಸ್ಥೆಯಲ್ಲಿ ದುಡಿಯುವವರಿಗೆ ಶ್ರದ್ಧೆಯ ಕೊರತೆ ಇತ್ತೆನ್ನುವುದು ಕಷ್ಟ. ಅದು ಅವರದೇ ಸಂಸ್ಥೆ. ಊರಿನವರಿಗೆ ಅಭಿಮಾನದ ಕೊರತೆಯೂ ಇರಲಿಲ್ಲ. ಆದರೂ ಅದು ಉಳಿಯಲಿಲ್ಲ. ಸಾರ್ವಜನಿಕ ಕರ್ತವ್ಯವನ್ನು ಹೊತ್ತವರಿಗೆ ಸಾರ್ವಜನಿಕ ಹಣದ ನಿಶ್ಚಿತವಾದ ಆಸರೆ ಇಲ್ಲದಿದ್ದರೆ, ಶ್ರದ್ಧೆ ಮೂವತ್ತು ವರ್ಷ ಎಳೆಯಬಹುದು, ಅದರಾಚೆ ಎಳೆಯಲಾರದು ಎಂಬುದೇ ಕೊಪ್ಪದ ಪಾಠ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಸರ್ಕಾರವು ಈಗಾಗಲೇ ಬಸ್ಸಿಗಾಗಿ ಕೋಟಿಗಟ್ಟಲೆ ವೆಚ್ಚಮಾಡುತ್ತಿದೆಯಲ್ಲವೇ? ಹೌದು. ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರು ನಾಲ್ಕೂ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ದರವಿಲ್ಲದೆ ಪ್ರಯಾಣ ಮಾಡುವಂತಾಯಿತು. ನಿರ್ವಾಹಕನು ಕೊಡುವ ಶೂನ್ಯ ಟಿಕೆಟ್ಟಿನ ಲೆಕ್ಕದಂತೆ ಸರ್ಕಾರವು ನಿಗಮಕ್ಕೆ ಹಣ ಕೊಡುತ್ತದೆ. ೨೦೨೫ರ ಜುಲೈ ವೇಳೆಗೆ ಇಂತಹ ಪ್ರಯಾಣಗಳು ೫೦೦ ಕೋಟಿಯನ್ನು ಮುಟ್ಟಿದವು. ೨೦೨೫–೨೬ರ ಆಯವ್ಯಯದಲ್ಲಿ ಇದಕ್ಕೆ ೫,೩೦೦ ಕೋಟಿ ರೂಪಾಯಿಗಳನ್ನು ತೆಗೆದಿರಿಸಲಾಯಿತು. ಕೂಲಿಗೆ ಹೋಗುವ ಹೆಂಗಸರಿಗೂ ನಮ್ಮ ಸಹಪಾಠಿನಿಯರಿಗೂ ಇದರಿಂದ ಆದ ಉಪಕಾರ ಸಣ್ಣದಲ್ಲ.

ಆದರೆ ಈ ಹಣ ಟಿಕೆಟ್ಟಿನ ಹಿಂದೆ ಹೋಗುತ್ತದೆಂಬುದನ್ನು ಗಮನಿಸಬೇಕು. ಎಲ್ಲಿ ಬಸ್ಸು ಇದೆಯೋ, ಎಲ್ಲಿ ಜನ ತುಂಬುತ್ತಾರೋ ಅಲ್ಲಿಗೆ ಹಣ. ಬಸ್ಸೇ ಇಲ್ಲದ ಊರಿನ ಹೆಣ್ಣುಮಗಳಿಗೆ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನ? ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಅನೇಕ ಊರುಗಳಿಗೆ ಈ ಯೋಜನೆಯ ಫಲ ಅಷ್ಟಾಗಿ ತಲುಪದಿರುವುದಕ್ಕೆ ಇದೇ ಕಾರಣ. ವಿದ್ಯಾರ್ಥಿಗಳ ರಿಯಾಯಿತಿ ಪಾಸಿನ ವಿಷಯವೂ ಇಂತಹುದೇ. ಪಾಸು ನಮ್ಮ ಕಿಸೆಯಲ್ಲಿದೆ, ಬಸ್ಸು ರಸ್ತೆಯಲ್ಲಿಲ್ಲ. ಆದುದರಿಂದ ಪ್ರಯಾಣಿಕನಿಗೆ ಕೊಡುವ ಸಹಾಯದ ಜೊತೆಗೆ ಟ್ರಿಪ್ಪಿಗೆ ಕೊಡುವ ಸಹಾಯವೆಂಬ ಎರಡನೆಯ ಕಂಬವೂ ಬೇಕು. ಇಂತಹ ಹಳ್ಳಿಗೆ, ಇಂತಹ ಹೊತ್ತಿಗೆ, ಬಸ್ಸು ಹೋಗಿಯೇ ತೀರಬೇಕು. ಹತ್ತಿದವರು ಐದು ಜನವಾದರೂ ಐವತ್ತು ಜನವಾದರೂ ಆ ಟ್ರಿಪ್ಪಿನ ಕೊರತೆಯನ್ನು ಸರ್ಕಾರ ತುಂಬಿಕೊಡುತ್ತದೆ ಎಂಬ ಕರಾರು ಇರಬೇಕು. ಈ ಒಂದು ಮಾತೇ ಈ ಲೇಖನದ ತಿರುಳು.

ಬೇರೆ ಕಡೆಗಳಲ್ಲಿ ಈ ಪ್ರಶ್ನೆಯನ್ನು ಹೇಗೆ ಬಿಡಿಸಿದ್ದಾರೆಂದು ನೋಡುವುದು ಅಪ್ರಸ್ತುತವಾಗಲಾರದು. ಬ್ರಿಟನ್ನಿನಲ್ಲಿ ಕಾರುಗಳು ಹೆಚ್ಚಿ ಹಳ್ಳಿಯ ಬಸ್ಸುಗಳು ಸೊರಗತೊಡಗಿದಾಗ ಪ್ರೊಫೆಸರ್ ಜ್ಯಾಕ್ ಎಂಬವರ ಅಧ್ಯಕ್ಷತೆಯ ಸಮಿತಿಯೊಂದು ೧೯೬೧ರಲ್ಲಿ ವರದಿ ಸಲ್ಲಿಸಿ, ಅಂತಹ ಬಸ್ಸುಗಳಿಗೆ ನೇರವಾಗಿ ಧನಸಹಾಯ ಕೊಡುವುದು ಅಗತ್ಯವೆಂದು ಹೇಳಿತು. ೧೯೬೮ರ ಸಾರಿಗೆ ಕಾಯಿದೆಯು ಸ್ಥಳೀಯ ಸಂಸ್ಥೆಗಳು ಇಂತಹ ಸಹಾಯ ಕೊಡುವುದಕ್ಕೆ ದಾರಿಮಾಡಿತು. ೧೯೮೫ರ ಕಾಯಿದೆಯಂತೆ ಲಂಡನ್ನಿನ ಹೊರಗೆ ಬಸ್ಸುಗಳನ್ನು ಮುಕ್ತ ಸ್ಪರ್ಧೆಗೆ ಬಿಡಲಾಯಿತಾದರೂ, ಲಾಭವಿಲ್ಲದ ಆದರೆ ಸಮಾಜಕ್ಕೆ ಅಗತ್ಯವಾದ ಮಾರ್ಗಗಳಿಗೆ ಸ್ಥಳೀಯ ಕೌನ್ಸಿಲುಗಳು ಟೆಂಡರು ಕರೆದು ಹಣ ಕೊಡುವ ಏರ್ಪಾಡನ್ನು ಉಳಿಸಿಕೊಳ್ಳಲಾಯಿತು. ೨೦೧೦ರ ನಂತರ ಕೌನ್ಸಿಲುಗಳ ಹಣ ಕಡಿತವಾದಾಗ ಮಾತ್ರ ಇಂತಹ ಮಾರ್ಗಗಳು ಒಂದೊಂದಾಗಿ ನಿಂತವು. ಕರಾರು ಒಳ್ಳೆಯದು, ಅದರ ಹಿಂದೆ ಕಡಿತವಾಗದ ನಿಧಿಯೂ ಇರಬೇಕೆಂಬುದು ಇದರಿಂದ ಕಲಿಯಬೇಕಾದ ಪಾಠ.

ನೆರೆಯ ಕೇರಳವು ಇನ್ನೊಂದು ದಾರಿಯನ್ನು ಹಿಡಿಯಿತು. ೨೦೨೨ರ ಜುಲೈಯಲ್ಲಿ ತಿರುವನಂತಪುರ ಜಿಲ್ಲೆಯ ಕೊಲ್ಲಯಿಲ್ ಪಂಚಾಯಿತಿಯಲ್ಲಿ ‘ಗ್ರಾಮವಂಡಿ’ ಎಂಬ ಯೋಜನೆ ಆರಂಭವಾಯಿತು. ಬಸ್ಸು, ಸಿಬ್ಬಂದಿಯ ಸಂಬಳ, ಬಿಡಿಭಾಗ, ವಿಮೆ ಇವು ಸಾರಿಗೆ ನಿಗಮದ ಪಾಲು. ಡೀಸೆಲ್ಲಿನ ಖರ್ಚು ಸ್ಥಳೀಯ ಸಂಸ್ಥೆಯ ಪಾಲು. ಮಾರ್ಗವನ್ನೂ ವೇಳೆಯನ್ನೂ ನಿಶ್ಚಯಿಸುವುದರಲ್ಲಿ ಸ್ಥಳೀಯ ಸಂಸ್ಥೆಯ ಮಾತಿಗೆ ಬೆಲೆ. ಹಣ ಕೊಡುವವನಿಗೆ ಕೇಳುವ ಅಧಿಕಾರವೂ ಬರುತ್ತದೆಂಬುದೇ ಇದರ ಸೊಗಸು. ಆದರೆ ಸಂಪನ್ಮೂಲ ತೀರ ಕಡಮೆಯಿರುವ ಪಂಚಾಯಿತಿಯು ಡೀಸೆಲ್ಲಿಗೆ ಹಣವನ್ನು ಎಲ್ಲಿಂದ ತರಬೇಕು? ಆದಕಾರಣ ಈ ಪದ್ಧತಿಯನ್ನು ಕಣ್ಣುಮುಚ್ಚಿ ತರುವುದಾಗದು. ಬಡ ಪಂಚಾಯಿತಿಗಳ ಪಾಲನ್ನು ರಾಜ್ಯವೇ ಹೊರಬೇಕಾದೀತು.

ಇನ್ನು ನಮ್ಮಲ್ಲಿ ಆಗಬೇಕಾದುದೇನು ಎಂಬುದನ್ನು ಅನುಕ್ರಮವಾಗಿ ಹೇಳುತ್ತೇನೆ.

ಒಂದನೆಯದಾಗಿ, ಕನಿಷ್ಠ ಸೇವೆಯೆಷ್ಟೆಂಬುದು ನಿರ್ಧಾರವಾಗಬೇಕು. ಪ್ರತಿ ಗ್ರಾಮ ಪಂಚಾಯಿತಿಯ ಕೇಂದ್ರಕ್ಕೂ ದಿನಕ್ಕೆ ಮೂರು ಸುತ್ತುಗಳಾದರೂ ಇರಬೇಕು: ಶಾಲಾಕಾಲೇಜು, ಕಚೇರಿಗಳು ತೆರೆಯುವ ಮೊದಲು ಪೇಟೆ ಮುಟ್ಟಿಸುವಂತಹುದು ಒಂದು, ಮಧ್ಯಾಹ್ನ ಒಂದು, ಸಂಜೆ ಆರರ ಸುಮಾರಿಗೆ ಪೇಟೆಯನ್ನು ಬಿಡುವಂತಹುದು ಒಂದು. ಕುಡಿಯುವ ನೀರಿಗೂ ಪಡಿತರಕ್ಕೂ ಒಂದು ಕನಿಷ್ಠ ಪ್ರಮಾಣವಿರುವಾಗ ಬಸ್ಸಿಗೆ ಏಕಿರಬಾರದು?

ಎರಡನೆಯದಾಗಿ, ಪ್ರತಿ ಮಾರ್ಗದ ಆದಾಯ ವೆಚ್ಚಗಳನ್ನು ಬೇರೆ ಬೇರೆಯಾಗಿ ಬರೆದು ಬಸ್ ನಿಲ್ದಾಣದಲ್ಲಿಯೇ ಪ್ರಕಟಿಸಬೇಕು. ಕೊರತೆ ಎಷ್ಟೆಂದು ತಿಳಿದರೆ ಅದು ಹೆದರಿಸುವಷ್ಟು ದೊಡ್ಡದಲ್ಲವೆಂಬುದೂ ತಿಳಿದೀತು. ಮೇಲಿನ ನಮ್ಮ ಲೆಕ್ಕದ ೩,೭೦೦ ರೂಪಾಯಿಯನ್ನು ಆ ಮಾರ್ಗದ ಹಳ್ಳಿಗಳ ಐದು ಸಾವಿರ ಜನರಿಗೆ ಹಂಚಿದರೆ ತಲೆಗೆ ದಿನಕ್ಕೆ ಮುಕ್ಕಾಲು ರೂಪಾಯಿಯೂ ಆಗುವುದಿಲ್ಲ. ಈ ಕೊರತೆಯನ್ನು ಅದಕ್ಕೆಂದೇ ಮೀಸಲಾದ ನಿಧಿಯಿಂದ, ಮೂರು ತಿಂಗಳಿಗೊಮ್ಮೆ, ಮುಂಗಡವಾಗಿಯೇ ನಿಗಮಕ್ಕೆ ಕೊಡಬೇಕು. ಮೋಟಾರು ವಾಹನ ತೆರಿಗೆಯ ಒಂದು ನಿಶ್ಚಿತ ಭಾಗ ಈ ನಿಧಿಯ ಮೂಲವಾಗಬಹುದು. ಸ್ವಂತ ವಾಹನದಲ್ಲಿ ಓಡಾಡುವವನು ಬಸ್ಸನ್ನೇ ನಂಬಿದವನಿಗೆ ಅಷ್ಟನ್ನು ಕೊಡುವುದು ಅನ್ಯಾಯವಾಗದು. ೨೦೨೧ರಲ್ಲಿ ಆರಂಭವಾದ ‘ನಮ್ಮ ಕಾರ್ಗೋ’ ಸೇವೆಯಂತಹ ಸರಕುಸಾಗಣೆಯ ವರಮಾನವೂ ನಿಲ್ದಾಣದ ಮಳಿಗೆಗಳ ಬಾಡಿಗೆಯೂ ಸ್ವಲ್ಪ ನೆರವಾದಾವು. ಆದರೆ ಅವು ಉಪ್ಪಿನಕಾಯಿಯೇ ಹೊರತು ಊಟವಲ್ಲ.

ಮೂರನೆಯದಾಗಿ, ಹಣ ಬೇಡದ ಸುಧಾರಣೆಗಳನ್ನು ಮೊದಲು ಮಾಡಬೇಕು. ರಾತ್ರಿ ಹಳ್ಳಿಯಲ್ಲೇ ತಂಗುವ ಬಸ್ಸನ್ನು ಉತ್ತರ ಕರ್ನಾಟಕದಲ್ಲಿ ವಸ್ತಿ ಬಸ್ಸು ಎನ್ನುತ್ತಾರೆ. ಇದು ನಮ್ಮ ಹಿರಿಯರು ಕಂಡುಕೊಂಡ ಜಾಣತನದ ಏರ್ಪಾಡು. ಬಸ್ಸು ರಾತ್ರಿ ಡಿಪೋಗೇ ಮರಳಬೇಕಾದರೆ ರಾತ್ರಿ ೨೫, ಬೆಳಗ್ಗೆ ೨೫, ಒಟ್ಟು ೫೦ ಕಿಲೋಮೀಟರು ಖಾಲಿಯಾಗಿ ಓಡಬೇಕು. ನಮ್ಮ ಲೆಕ್ಕದಂತೆ ದಿನಕ್ಕೆ ೧,೦೦೦ ರೂಪಾಯಿ ದಂಡ. ಚಾಲಕ ನಿರ್ವಾಹಕರಿಗೆ ಬಾಗಿಲು ಭದ್ರವಾದ ಒಂದು ಕೋಣೆ, ಶೌಚಾಲಯ, ನೀರು, ದೀಪ ಇಷ್ಟನ್ನು ಪಂಚಾಯಿತಿ ಒದಗಿಸಿದರೆ ಆ ಹಣ ಉಳಿಯುತ್ತದೆ, ಹಳ್ಳಿಗೆ ಬೆಳಗಿನ ಮೊದಲ ಬಸ್ಸೂ ತಪ್ಪುವುದಿಲ್ಲ. ದಿನವೆಲ್ಲ ದುಡಿದವರನ್ನು ಸೊಳ್ಳೆ ಕಚ್ಚುವ ಬಸ್ಸಿನ ಸೀಟಿನಲ್ಲೇ ಮಲಗಿಸಿ, ಬಸ್ಸು ಏಕೆ ತಂಗುವುದಿಲ್ಲವೆಂದು ಕೇಳುವುದು ಸರಿಯಲ್ಲ. ಬಸ್ಸು ತಿರುಗಿಸಲು ಜಾಗ, ರಸ್ತೆಗೆ ಬಾಗಿದ ಕೊಂಬೆಗಳನ್ನು ಕಡಿಯುವುದು, ಕುಸಿದ ಮೋರಿಯ ದುರಸ್ತಿ ಇವೂ ಪಂಚಾಯಿತಿಯ ಕೈಯಲ್ಲೇ ಇವೆ. ಸಂವಿಧಾನದ ಹನ್ನೊಂದನೆಯ ಅನುಸೂಚಿಯು ರಸ್ತೆ, ಮೋರಿ, ಸೇತುವೆಗಳೊಡನೆ ಇತರ ಸಂಪರ್ಕ ಸಾಧನಗಳನ್ನೂ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿಸಿರುವುದನ್ನು ನೆನೆಯಬೇಕು.

ನಾಲ್ಕನೆಯದಾಗಿ, ಬಸ್ಸಿನ ಗಾತ್ರದ ವಿಚಾರ. ಜನ ಕಡಮೆ ಇದ್ದರೆ ಚಿಕ್ಕ ಬಸ್ಸನ್ನು ಓಡಿಸಿ ಎಂಬ ಸಲಹೆ ಸುಲಭ. ತಮಿಳುನಾಡು ೧೯೯೭ರಲ್ಲಿಯೇ ಹಳ್ಳಿಗಳಿಗೆ ಮಿನಿ ಬಸ್ಸುಗಳ ಯೋಜನೆಯನ್ನು ತಂದಿತು. ಆದರೆ ಬೆಳಗಿನ ಅರವತ್ತು ಜನ ಚಿಕ್ಕ ಬಸ್ಸಿನಲ್ಲಿ ಹಿಡಿಯುವುದಿಲ್ಲ. ಬಸ್ಸು ಚಿಕ್ಕದಾದರೆ ಚಾಲಕನ ಸಂಬಳ ಚಿಕ್ಕದಾಗುವುದೂ ಇಲ್ಲ. ಆದುದರಿಂದ ಚಿಕ್ಕ ಬಸ್ಸುಗಳು ಒಳಹಳ್ಳಿಗಳನ್ನು ಸುತ್ತಿ ಹೋಬಳಿ ಕೇಂದ್ರಕ್ಕೆ ಜನರನ್ನು ತಂದು, ಅಲ್ಲಿ ಕಾಯುತ್ತಿರುವ ದೊಡ್ಡ ಬಸ್ಸಿಗೆ ಒಪ್ಪಿಸುವಂತಿರಬೇಕು. ಎರಡರ ವೇಳೆಯೂ ಕೂಡಿಬರದಿದ್ದರೆ ಈ ಏರ್ಪಾಡು ಉಪಕಾರಕ್ಕಿಂತ ಉಪದ್ರವವೇ ಆದೀತು.

ಐದನೆಯದಾಗಿ, ವೇಳಾಪಟ್ಟಿಯನ್ನು ಡಿಪೋದ ಕೋಣೆಯಲ್ಲಿ ಕುಳಿತವರು ಮಾತ್ರವೇ ಬರೆಯಕೂಡದು. ವರ್ಷಕ್ಕೆ ಎರಡು ಸಲವಾದರೂ ಡಿಪೋ ವ್ಯವಸ್ಥಾಪಕರು, ಪಂಚಾಯಿತಿಯವರು, ಆಸ್ಪತ್ರೆಯವರು, ಶಾಲಾಕಾಲೇಜುಗಳ ಮುಖ್ಯಸ್ಥರು ತಾಲ್ಲೂಕು ಕೇಂದ್ರದಲ್ಲಿ ಒಂದೆಡೆ ಕೂತು ಅದನ್ನು ಪರಿಶೀಲಿಸಬೇಕು. ಪೇಟೆಯ ಪ್ರೌಢಶಾಲೆಯೂ ಕಾಲೇಜೂ ಒಂದೇ ಗಳಿಗೆಗೆ ಆರಂಭವಾಗುವುದರಿಂದಲೇ ಬೆಳಗಿನ ಬಸ್ಸಿನ ಮೆಟ್ಟಿಲಿನಲ್ಲಿ ಮಕ್ಕಳು ಜೋತುಬೀಳುತ್ತಾರೆ. ಇವುಗಳ ವೇಳೆಯಲ್ಲಿ ಒಂದು ಗಂಟೆಯ ಅಂತರವಿಟ್ಟರೆ ಹತ್ತಿರದ ಮಾರ್ಗಗಳಲ್ಲಿ ಅದೇ ಬಸ್ಸು ಎರಡು ಸಲ ಓಡಬಹುದು. ಹೊಸ ಬಸ್ಸನ್ನು ಕೊಳ್ಳುವುದಕ್ಕಿಂತ ಗಂಟೆ ಬಾರಿಸುವ ಹೊತ್ತನ್ನು ಬದಲಾಯಿಸುವುದು ಎಷ್ಟೋ ಅಗ್ಗ.

ಈಗ ಮನೆಮನೆಗೂ ಬೈಕು ಬಂದಿರುವಾಗ ಬಸ್ಸಿನ ಚಿಂತೆ ಏಕೆಂದು ಕೇಳುವವರುಂಟು. ಮನೆಗೊಂದು ಬೈಕಿರಬಹುದು, ಆದರೆ ಅದರ ಬೀಗದ ಕೈ ಯಾರ ಕೈಯಲ್ಲಿದೆ? ಸಾಮಾನ್ಯವಾಗಿ ಮನೆಯ ದುಡಿಯುವ ಗಂಡಸಿನ ಕೈಯಲ್ಲಿ. ಅವನ ತಾಯಿ, ಹೆಂಡತಿ, ಓದುವ ತಂಗಿ ಇವರ ಪಾಲಿಗೆ ಬೈಕು ಇದ್ದೂ ಇಲ್ಲದಂತೆಯೇ. ಸಾರ್ವಜನಿಕ ಬಸ್ಸಿನಲ್ಲಿ ಮಾತ್ರವೇ ಅವರು ಯಾರ ಅಪ್ಪಣೆಗೂ ಕಾಯದೆ ಹತ್ತಬಲ್ಲರು. ಹಳ್ಳಿಯ ಬಸ್ಸನ್ನು ಲಾಭನಷ್ಟದ ತಕ್ಕಡಿಯಲ್ಲಷ್ಟೇ ತೂಗಕೂಡದೆಂದು ಹೇಳುವುದು ಇದಕ್ಕಾಗಿಯೇ. ಊರಿನ ಪ್ರಾಥಮಿಕ ಶಾಲೆಗೆ ವರ್ಷದಲ್ಲಿ ಎಷ್ಟು ಲಾಭ ಬಂದಿತೆಂದು ಯಾರೂ ಕೇಳುವುದಿಲ್ಲ. ರಸ್ತೆಗೆ ಎಷ್ಟು ಲಾಭ ಬಂದಿತೆಂದೂ ಕೇಳುವುದಿಲ್ಲ. ಶಾಲೆಗೆ ಕರೆದೊಯ್ಯುವ, ರಸ್ತೆಯ ಮೇಲೆ ಓಡುವ ಬಸ್ಸನ್ನು ಮಾತ್ರ ಹಾಗೆ ಕೇಳುವುದು ಯಾವ ನ್ಯಾಯ?

ಕೊನೆಯದಾಗಿ ನಾವು ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಒಂದಿದೆ. ಬಸ್ಸು ಬಾರದ ದಿನ ರಸ್ತೆಗಿಳಿದು ಘೋಷಣೆ ಕೂಗುವುದು ಸುಲಭ. ಮರುದಿನ ಒಂದು ಬಸ್ಸು ಬರುತ್ತದೆ, ತಿಂಗಳು ಕಳೆಯುವಷ್ಟರಲ್ಲಿ ಮಾಯವಾಗುತ್ತದೆ. ಅದಕ್ಕೆ ಬದಲಾಗಿ ನಮ್ಮ ಅರ್ಥಶಾಸ್ತ್ರ ವಿಭಾಗವೂ ರಾಷ್ಟ್ರೀಯ ಸೇವಾ ಯೋಜನೆಯ ಘಟಕವೂ ಕೂಡಿ, ಯಾವ ಹಳ್ಳಿಯಿಂದ ಎಷ್ಟು ವಿದ್ಯಾರ್ಥಿಗಳು ಬರುತ್ತಾರೆ, ಎಷ್ಟು ಹೊತ್ತಿಗೆ ಮನೆ ಬಿ­ಡುತ್ತಾರೆ, ಎಷ್ಟು ದೂರ ನಡೆಯುತ್ತಾರೆ, ಬಸ್ಸು ಎಷ್ಟು ಹೊತ್ತಿಗೆ ಬಂದು ಎಷ್ಟು ಜನರನ್ನು ಬಿಟ್ಟುಹೋಗುತ್ತದೆ ಎಂಬುದನ್ನು ಹದಿನೈದು ದಿನಗಳ ಕಾಲ ಬರೆದಿಟ್ಟರೆ, ಅದು ಯಾವ ಮನವಿಗಿಂತಲೂ ಬಲವಾದ ಪತ್ರವಾದೀತು. ಅಂಕಿಗಳನ್ನು ಮುಂದಿಟ್ಟು ಕೇಳುವವನಿಗೆ ಅಧಿಕಾರಿಯೂ ಅಂಕಿಗಳಿಂದಲೇ ಉತ್ತರ ಕೊಡಬೇಕಾಗುತ್ತದೆ. ಆ ಕೆಲಸವನ್ನು ಬರುವ ಶೈಕ್ಷಣಿಕ ವರ್ಷದ ಆರಂಭದಲ್ಲಿಯೇ ಕೈಗೆತ್ತಿಕೊಳ್ಳುವುದು ಉಚಿತವೆಂದು ನನ್ನ ನಮ್ರ ಸೂಚನೆ.